ಗಾಯ ಕಟ್ಟುವವರ ಗಾಯ

1915ರ ಡಿಸೆಂಬರ್ ತಿಂಗಳ ಆರಂಭ. ಇಂದಿನ ಇರಾಕಿನ ಬಸ್ರಾ ಬಂದರಿನಲ್ಲಿ ಲಂಗರು ಹಾಕಿದ್ದ ‘ವರೇಲಾ’ ಎಂಬ ಆಸ್ಪತ್ರೆ ಹಡಗಿನ ಹೊಣೆ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯ ಮೇಜರ್ ಕಾರ್ಟರ್ ಅವರದು. ಬಾಗ್ದಾದಿನ ದಾರಿಯಲ್ಲಿ, ಟೆಸಿಫಾನ್ ಎಂಬಲ್ಲಿ ನವೆಂಬರ್ 22ರಂದು ನಡೆದ ಕದನದ ಗಾಯಾಳುಗಳನ್ನು ತುಂಬಿಕೊಂಡು ‘ಮೆಜಿದಿಯೆ’ ಎಂಬ ಉಗಿದೋಣಿ ಬರುತ್ತಿತ್ತು. ದೂರದಿಂದ ನೋಡಿದಾಗ ಅದರ ಪಕ್ಕೆಗಳಲ್ಲಿ ಹಗ್ಗಗಳು ಜೋತುಬಿದ್ದಂತೆ ಕಾಣುತ್ತಿತ್ತು. ಹತ್ತಿರ ಬಂದ ಮೇಲೆ ಗೊತ್ತಾಯಿತು, ಅವು ಹಗ್ಗಗಳಲ್ಲ. ಎದ್ದು ಹೋಗಲಾರದ ಮನುಷ್ಯರ ಮಲ ಮೇಲಿನಿಂದ ಇಳಿದು ಒಣಗಿ ನಿಂತ ಗೆರೆಗಳು. ಒಳಗೆ ಹಾಸಿಗೆ ಹೊದಿಕೆ ಇಲ್ಲದೆ ಸಿಪಾಯಿಗಳು ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಮುರಿದ ಕೈಕಾಲಿಗೆ ಮದ್ಯದ ಪೆಟ್ಟಿಗೆಯ ಹಲಗೆ ತುಂಡುಗಳೇ ದಬ್ಬೆಯಾಗಿದ್ದವು. ಯುದ್ಧ ಮಾಡಿದ್ದು ಆರನೆಯ ಪೂನಾ ಡಿವಿಜನ್. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ಪಲ್ಟಣಗಳು ಅದರಲ್ಲಿದ್ದವು. ಆದ್ದರಿಂದ ಈ ಕಥೆ ನಮ್ಮ ಸೀಮೆಗೆ ತೀರಾ ಹೊರಗಿನದೇನೂ ಅಲ್ಲ.

ಕಂಡದ್ದನ್ನು ಕಾರ್ಟರ್ ಮೇಲಧಿಕಾರಿಗಳಿಗೆ ವರದಿ ಮಾಡಿದರು. ಬಂದ ಉತ್ತರ ಬೆದರಿಕೆಯದು. ಬಾಯಿ ಮುಚ್ಚಿಕೊಂಡಿರದಿದ್ದರೆ ಹಡಗಿನ ಹೊಣೆಯನ್ನೇ ಕಿತ್ತುಕೊಳ್ಳುವುದಾಗಿ ಹೇಳಿದರು. ಇಲ್ಲದ ಉಸಾಬರಿಗೆ ಕೈಹಾಕುವವನೆಂದು ಜರೆದರು. ಅತ್ತ ಸರ್ಕಾರಕ್ಕೆ ಹೋದ ತಂತಿಯಲ್ಲಿ ಗಾಯಾಳುಗಳ ಸ್ಥಿತಿ ತೃಪ್ತಿಕರ, ವೈದ್ಯಕೀಯ ವ್ಯವಸ್ಥೆ ಸೊಗಸಾಗಿ ನಡೆದಿದೆ ಎಂಬ ಅರ್ಥದ ಮಾತುಗಳಿದ್ದವು. ಎರಡು ವರ್ಷದ ನಂತರ, 1917ರಲ್ಲಿ, ಮೆಸೊಪೊಟೇಮಿಯಾ ಆಯೋಗದ ವರದಿ ಹೊರಬಿದ್ದಾಗ ಕಾರ್ಟರ್ ಹೇಳಿದ್ದು ನಿಜವೆಂದು ಜಗತ್ತಿಗೆ ತಿಳಿಯಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಈ ಘಟನೆಯಲ್ಲಿ ಎರಡು ಏಟುಗಳಿವೆ. ಮೊದಲನೆಯದು, ಉಳಿಸಬಹುದಾಗಿದ್ದವರು ಕಣ್ಣೆದುರಿಗೆ ಕೊಳೆಯುವುದನ್ನು ನೋಡಿದ್ದು. ಎರಡನೆಯದು, ಹಾಗೇನೂ ಆಗಿಲ್ಲವೆಂದು ತಾನು ನಂಬಿದ ವ್ಯವಸ್ಥೆಯೇ ಹೇಳಿದ್ದು. ಸೇನೆಯ ವೈದ್ಯ ಸಿಬ್ಬಂದಿಯ ಮನಸ್ಸಿನ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯೆಲ್ಲ ಈ ಎರಡು ಏಟುಗಳ ಸುತ್ತಲೇ ಇದೆ. ಎರಡರಲ್ಲಿ ಆಳಕ್ಕೆ ಇಳಿಯುವುದು ಎರಡನೆಯದು, ಮತ್ತು ಅದಕ್ಕೆ ಮದ್ದು ಗಾಯಗೊಂಡವನ ಬಳಿ ಇರುವುದಿಲ್ಲ ಎಂಬುದು ಈ ಲೇಖನದ ವಾದ.

ತಜ್ಞರು ಇದಕ್ಕಿಟ್ಟಿರುವ ಹೆಸರನ್ನು ಕನ್ನಡದಲ್ಲಿ ನೈತಿಕ ಗಾಯ ಎನ್ನಬಹುದು. ಮನಸ್ಸಾಕ್ಷಿಗೆ ಬಿದ್ದ ಗಾಯ ಎಂದರೆ ಇನ್ನೂ ಹತ್ತಿರವಾಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ವರ್ಷಗಟ್ಟಲೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಚಾರ ಬೆಳೆಯಿತು. ಅವರು ಒತ್ತಿ ಹೇಳಿದ್ದು ಮೂರು ಅಂಶ: ಸರಿಯಾದುದಕ್ಕೆ ದ್ರೋಹವಾಗಿರಬೇಕು, ಆ ದ್ರೋಹ ಅಧಿಕಾರ ಇರುವವರಿಂದ ಆಗಿರಬೇಕು, ಅದೂ ಪ್ರಾಣ ಪಣಕ್ಕಿರುವ ಹೊತ್ತಿನಲ್ಲಿ. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಇದನ್ನು ವಿಸ್ತರಿಸಿದರು. ತಾನು ನಂಬಿದ ಧರ್ಮಕ್ಕೆ ವಿರುದ್ಧವಾದುದನ್ನು ಮಾಡಿದಾಗ ಮಾತ್ರವಲ್ಲ, ತಡೆಯಲಾಗದೆ ಹೋದಾಗ ಅಥವಾ ಸುಮ್ಮನೆ ನಿಂತು ನೋಡಬೇಕಾದಾಗಲೂ ಈ ಗಾಯ ಆಗುತ್ತದೆ ಎಂದರು. ಗುಂಡಿನ ಸದ್ದಿಗೆ ಬೆಚ್ಚಿಬೀಳುವುದು, ಸ್ಫೋಟದ ಕನಸು ಬಿದ್ದು ಏಳುವುದು ಬೇರೆ. ಅದರ ಬೇರು ಭಯ. ನೈತಿಕ ಗಾಯದ ಬೇರು ಅಪರಾಧಿ ಭಾವ, ನಾಚಿಕೆ, ಸಿಟ್ಟು. ಭಯಪಟ್ಟವನು ‘ನನಗೇನಾದರೂ ಆದೀತು’ ಎನ್ನುತ್ತಾನೆ; ಇವನು ‘ನಾನು ಎಂಥವನಾದೆ’ ಎಂದು ಕೇಳಿಕೊಳ್ಳುತ್ತಾನೆ. ವೈದ್ಯ ಪುಸ್ತಕಗಳಲ್ಲಿ ಇದು ಇನ್ನೂ ಸ್ವತಂತ್ರ ಕಾಯಿಲೆಯೆಂದು ದಾಖಲಾಗಿಲ್ಲ. ಆಗಬೇಕೆಂದು ನನಗೂ ಅನಿಸುವುದಿಲ್ಲ, ಯಾಕೆಂದರೆ ಕಾಯಿಲೆ ಎಂದ ಕೂಡಲೇ ಅದು ಆ ಮನುಷ್ಯನ ಒಳಗಿನ ಕೆಡುಕಾಗಿಬಿಡುತ್ತದೆ.

ಸಾವನ್ನು ಹತ್ತಿರದಿಂದ ನೋಡಿದವರಿಗೆಲ್ಲ ಈ ಗಾಯ ಆಗುತ್ತದೆ ಎಂದುಕೊಳ್ಳುವುದೂ ತಪ್ಪು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕಾಗ ಕರ್ನಾಟಕದ ಮನೆಮನೆಯಲ್ಲಿ ಹರಕೆ ಹೊತ್ತರು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಅವರು ತೀರಿಕೊಂಡರು. ಅಂಥ ಸಾವು ವೈದ್ಯರಿಗೆ ದುಃಖ ತರುತ್ತದೆ. ಆದರೆ ವಿದ್ಯೆ, ಔಷಧ, ಯಂತ್ರ ಎಲ್ಲವನ್ನೂ ತಂದು ಸುರಿದ ಮೇಲೆ ಬಂದ ಸಾವಿಗೂ, ಒಂದು ಸಿಲಿಂಡರ್ ಇಲ್ಲದೆ ಬಂದ ಸಾವಿಗೂ ಮನಸ್ಸಿನಲ್ಲಿ ಒಂದೇ ಜಾಗ ಸಿಗುವುದಿಲ್ಲ. ಹಾಗೆಯೇ ಬರೀ ದಣಿವೂ ಮನಸ್ಸಾಕ್ಷಿಯನ್ನು ಒಡೆಯುವುದಿಲ್ಲ. ಆಳಂದ, ಅಫಜಲಪುರದ ಜನ ದೊಡ್ಡ ಕಾಯಿಲೆ ಬಂದರೆ ಕಲಬುರಗಿಯಷ್ಟೇ ಸಲೀಸಾಗಿ ಸೊಲ್ಲಾಪುರಕ್ಕೂ ಹೋಗುತ್ತಾರೆ. ಆ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಜಪಾನಿ ದಾಳಿಯ ನಡುವೆ ಊಟ ನಿದ್ದೆ ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿಯೇ ಮದುವೆಯಾದರು, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿಗೆ ತೀರಿಕೊಂಡರು. ಅವರ ದುಡಿಮೆ ಮೈಯನ್ನು ಸವೆಸಿತು. ಆದರೆ ಅಲ್ಲಿ ಕೊರತೆಯನ್ನು ಎಲ್ಲರೂ ಕಂಡಿದ್ದರು, ಎಲ್ಲರೂ ಹಂಚಿಕೊಂಡಿದ್ದರು. ಔಷಧಿ ಇಲ್ಲದಿರುವಾಗ ಇದೆ ಎಂದು ಹೇಳಬೇಕಾದ ಅಗತ್ಯ ಇರಲಿಲ್ಲ. ಕಾರ್ಟರ್ ಕಂಡ ಬಸ್ರಾಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಎಲ್ಲವೂ ಇದರಲ್ಲಿದೆ.

ಸೇನೆಯ ವೈದ್ಯ ಸಿಬ್ಬಂದಿ ಬೇರೆ ಸೈನಿಕರಿಗಿಂತ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಅವರ ಕೆಲಸದ ಸ್ವಭಾವದಿಂದ. ಅವರು ಏಕಕಾಲಕ್ಕೆ ಇಬ್ಬರು ಯಜಮಾನರ ಆಳು. ಸೈನಿಕನಾಗಿ ಯುದ್ಧ ಗೆಲ್ಲಬೇಕು, ವೈದ್ಯನಾಗಿ ಎದುರಿಗಿರುವ ಮನುಷ್ಯ ಯಾರೇ ಆಗಲಿ ಉಳಿಸಬೇಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು. ಶತ್ರುವಿನ ಗಾಯಾಳುವಿಗೂ ಅದೇ ನಿಯಮ. ಭಾರತ ಈ ಒಪ್ಪಂದಗಳಿಗೆ 1960ರಲ್ಲಿ ಕಾನೂನಿನ ರೂಪ ಕೊಟ್ಟಿದೆ. ಆದರೆ ಗಾಯಾಳುಗಳು ಐವತ್ತು ಮಂದಿ ಇದ್ದು ಕೈಗಳು ಎರಡೇ ಇದ್ದಾಗ ಆರಿಸಲೇಬೇಕು. ಈ ಆರಿಸುವಿಕೆಗೆ ಟ್ರಯಾಜ್ ಎನ್ನುತ್ತಾರೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಇದಕ್ಕೆ ಹಾಕಿಕೊಟ್ಟ ಅಡಿಪಾಯ ಸರಳವಾದುದು: ಹುದ್ದೆ, ಮನೆತನ ನೋಡಬಾರದು, ಹೆಚ್ಚು ಗಾಯವಾದವನನ್ನು ಮೊದಲು ನೋಡಬೇಕು. ಮುಂದೆ ಯುದ್ಧಗಳು ದೊಡ್ಡವಾದಂತೆ ಇನ್ನೊಂದು ಗುಂಪು ಸೇರಿತು: ಏನು ಮಾಡಿದರೂ ಬದುಕಲಾರರು ಎಂದು ಪಕ್ಕಕ್ಕೆ ಮಲಗಿಸಿದವರು. ಅವರಿಗೆ ನೋವು ಕಡಿಮೆ ಮಾಡುವ ಮದ್ದು ಕೊಟ್ಟು ಮುಂದೆ ಹೋಗಬೇಕು. ಆ ಮುಂದೆ ಹೋಗುವ ಹೆಜ್ಜೆಯೇ ವರ್ಷಗಟ್ಟಲೆ ಹಿಂಬಾಲಿಸುವುದು. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್ ನಾಯಕ್ ದೀಪಕ್ ಸಿಂಗ್ ತಾನೇ ಗಾಯಗೊಂಡಿದ್ದರೂ 30ಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ನೀಡಿ ಪ್ರಾಣ ಬಿಟ್ಟರು. ದೇಶ ಅವರಿಗೆ ಮರಣೋತ್ತರ ವೀರಚಕ್ರ ನೀಡಿತು, ನೀಡಲೇಬೇಕಿತ್ತು. ಆದರೆ ಬದುಕಿ ಮರಳುವ ಅವರಂಥ ಎಷ್ಟೋ ಜನ ತಾವು ಮುಟ್ಟಿದ ಮೂವತ್ತರ ಲೆಕ್ಕಕ್ಕಿಂತ ಮುಟ್ಟಲಾಗದ ಒಬ್ಬನ ಲೆಕ್ಕವನ್ನೇ ಇಟ್ಟುಕೊಳ್ಳುತ್ತಾರೆ. ಆ ಲೆಕ್ಕಕ್ಕೆ ಪದಕ ಉತ್ತರವಾಗುವುದಿಲ್ಲ.

ಹಾಗಿದ್ದೂ ಸೇನೆ ಒಂದು ವಿಷಯದಲ್ಲಿ ನಾಗರಿಕ ಆಸ್ಪತ್ರೆಗಳಿಗಿಂತ ಮುಂದಿದೆ ಎಂದೇ ಹೇಳಬೇಕು. ಎಷ್ಟೋ ಸಾವುಗಳಿಂದ ಕಲಿತು, ಯಾರನ್ನು ಮೊದಲು ನೋಡಬೇಕೆಂಬ ನಿಯಮವನ್ನು ಅದು ಯುದ್ಧಕ್ಕೆ ಮೊದಲೇ ಬರೆದಿಡುತ್ತದೆ, ತರಬೇತಿಯಲ್ಲಿ ಕಲಿಸುತ್ತದೆ, ಆರಿಸುವ ಕೆಲಸವನ್ನು ಅನುಭವಿ ಅಧಿಕಾರಿಗೆ ವಹಿಸುತ್ತದೆ. ಪಟ್ಟಿ ಕಟ್ಟುವವನು ತನ್ನ ಅಂದಾಜಿನಿಂದ ಮಾತ್ರ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಕಡೆ ಹೋದಂತೆ ಆಗುವುದಿಲ್ಲ. ಅವನ ಹಿಂದೆ ಒಂದು ಆದೇಶವಿದೆ, ಆ ಆದೇಶಕ್ಕೆ ಸಹಿ ಹಾಕಿದವರಿದ್ದಾರೆ. ಕೊರೋನಾ ಇಟಲಿಯನ್ನು ಕಾಡಿದಾಗ, 2020ರ ಮಾರ್ಚ್ ಮೊದಲ ವಾರದಲ್ಲಿ ಅಲ್ಲಿನ ಅರಿವಳಿಕೆ ಮತ್ತು ತೀವ್ರನಿಗಾ ತಜ್ಞರ ಸಂಘ ಐಸಿಯು ಹಾಸಿಗೆಗಳ ಹಂಚಿಕೆಗೆ ಮಾರ್ಗಸೂಚಿ ಹೊರಡಿಸಿತು. ಒಂಟಿ ವೈದ್ಯನ ಹೆಗಲಿಂದ ನಿರ್ಧಾರದ ಭಾರವನ್ನು ಸ್ವಲ್ಪವಾದರೂ ಇಳಿಸುವುದು ಅದರ ಉದ್ದೇಶಗಳಲ್ಲಿ ಒಂದೆಂದು ಅದರಲ್ಲೇ ಬರೆದಿತ್ತು. ಅದೇ ತಿಂಗಳು ಅಮೆರಿಕದ ತಜ್ಞರೂ, ರೋಗಿಯ ಪಕ್ಕದಲ್ಲಿರುವ ವೈದ್ಯರು ಬೇರೆ, ಯಾರಿಗೆ ಯಂತ್ರ ಎಂದು ತೀರ್ಮಾನಿಸುವವರು ಬೇರೆ ಇರಲಿ ಎಂದು ಸಲಹೆ ಕೊಟ್ಟರು. ಬ್ರಿಟನ್ನಿನಲ್ಲಿ, ನೌಕಾಪಡೆಯಲ್ಲಿ ಮನೋವೈದ್ಯರಾಗಿದ್ದ ನೀಲ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು, ಯುದ್ಧಭೂಮಿಯ ಈ ಗಾಯ ಇನ್ನು ಆಸ್ಪತ್ರೆಗಳಲ್ಲೂ ಕಾಣಿಸೀತು ಎಂದು ಎಚ್ಚರಿಸಿ ಬರೆದರು.

ಅಷ್ಟರಲ್ಲಿ ಆ ಯುದ್ಧ ನಮ್ಮ ಬಾಗಿಲಿಗೇ ಬಂದಿತ್ತು. ದೇಶದಲ್ಲಿ ಕೊರೋನಾಕ್ಕೆ ಮೊದಲ ಬಲಿಯಾದ ವ್ಯಕ್ತಿ ಕಲಬುರಗಿಯವರು, 2020ರ ಮಾರ್ಚ್ 10ರಂದು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು. ಎರಡನೆಯ ಅಲೆಯ ಹೊತ್ತಿಗೆ ರಾಜ್ಯಕ್ಕೆ ಆಮ್ಲಜನಕವೇ ಸಾಲದಾಯಿತು. ದಿನಕ್ಕೆ 1200 ಟನ್ ಕೊಡಬೇಕೆಂದು ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು, ಆ ಆದೇಶಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಅದಕ್ಕೂ ಮುಂಚೆ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದುಹೋಗಿತ್ತು. ಒಂದು ದಿನದೊಳಗೆ 24 ಜನ ಸತ್ತರು. ವಾರ್ಡಿನಲ್ಲಿ ಆ ಹೊತ್ತಿಗೆ ನಡೆದದ್ದನ್ನು ಊಹಿಸಲು ವೈದ್ಯರೇ ಆಗಬೇಕಿಲ್ಲ. ಮೀಟರಿನ ಮುಳ್ಳು ಕೆಳಗಿಳಿಯುತ್ತದೆ. ರೋಗಿಯ ಕಡೆಯವರು ಹೊರಗೆ ಓಡುತ್ತಾರೆ, ಒಳಗೆ ಬಂದು ಕೂಗಾಡುತ್ತಾರೆ, ಬಟ್ಟೆಯಿಂದ ಗಾಳಿ ಬೀಸುತ್ತಾರೆ. ಅಲ್ಲಿರುವ ನರ್ಸ್ ಮತ್ತು ಕಿರಿಯ ವೈದ್ಯರ ಕೈಯಲ್ಲಿ ವಿದ್ಯೆಯಿದೆ, ಅದನ್ನು ಬಳಸಲು ಬೇಕಾದ ಒಂದೇ ಒಂದು ವಸ್ತು ಇಲ್ಲ. ಆ ವಸ್ತು ಇಲ್ಲದಿರುವುದಕ್ಕೆ ಅವರು ಕಾರಣರಲ್ಲ. ಆದರೆ ಸಾಯುವವನು ಕೊನೆಗೆ ನೋಡಿದ್ದು ಅವರ ಮುಖವನ್ನು. ಯುದ್ಧಭೂಮಿಯ ಆಯ್ಕೆಗಳು ಹೀಗೆ ನಾಗರಿಕ ಆಸ್ಪತ್ರೆಗೆ ಬಂದವು, ಆದರೆ ಆ ಆಯ್ಕೆಯನ್ನು ಹೊರಲು ಸೇನೆ ಕಟ್ಟಿಕೊಂಡಿದ್ದ ಆಸರೆ ಜೊತೆಗೆ ಬರಲಿಲ್ಲ.

ಇಲ್ಲಿಂದ ಮುಂದಿನದು ಬಸ್ರಾದ ಕಥೆಗೆ ಎಷ್ಟು ಹತ್ತಿರವಾಗಿದೆ ನೋಡಿ. ಈ 24 ಸಾವುಗಳೆಲ್ಲವೂ ಆಮ್ಲಜನಕದ ಕೊರತೆಯಿಂದಾದವಲ್ಲ ಎಂಬ ಮಾತು ಅಧಿಕಾರಸ್ಥರಿಂದ ಮೊದಲು ಬಂತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಅದೇ ಮೇ ತಿಂಗಳಲ್ಲಿ ವರದಿ ಕೊಟ್ಟು, ಸಾವುಗಳಿಗೆ ಆಮ್ಲಜನಕದ ಕೊರತೆ ಕಾರಣ ಎಂದು ಹೇಳಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಆರೋಗ್ಯ ಖಾತೆಯ ಲಿಖಿತ ಉತ್ತರ ಬಂತು: ಆಮ್ಲಜನಕದ ಕೊರತೆಯಿಂದಾದ ಸಾವುಗಳನ್ನು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲ. ಕಾಗದದ ಭಾಷೆಯಲ್ಲಿ ಆ ವಾಕ್ಯ ಸುಳ್ಳಲ್ಲದಿರಬಹುದು. ಸಾವಿನ ಕಾರಣ ಬರೆಯುವ ನಮೂನೆಯಲ್ಲಿ ಕೊರೋನಾ ಎಂದೋ ಉಸಿರಾಟದ ವೈಫಲ್ಯ ಎಂದೋ ಬರೆಯುತ್ತಾರೆ. ಸಿಲಿಂಡರ್ ಬರಲಿಲ್ಲ ಎಂದು ಬರೆಯಲು ಅಲ್ಲಿ ಅಂಕಣವಿಲ್ಲ. ಆದರೆ ಅಂಥ ಒಂದು ರಾತ್ರಿಯ ಪಾಳಿಯಲ್ಲಿ ನಿಂತಿದ್ದವರಿಗೆ ಆ ವಾಕ್ಯ ಹೇಗೆ ಕೇಳಿಸಬೇಕು? ವ್ಯವಸ್ಥೆ ‘ಕೊರತೆ ಇರಲಿಲ್ಲ’ ಎಂದು ಹೇಳಿದರೆ, ‘ಹಾಗಿದ್ದರೆ ಸತ್ತದ್ದು ಯಾರಿಂದ’ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ತಿರುಗಿ ಬರುವುದು ಪಕ್ಕದಲ್ಲಿ ನಿಂತಿದ್ದವರ ಕಡೆಗೇ. ಸತ್ಯವನ್ನು ಮರೆಮಾಚಿದಾಗ ತಪ್ಪಿನ ಭಾರ ಕರಗಿಹೋಗುವುದಿಲ್ಲ, ಕೆಳಗಿನವರ ಹೆಗಲಿಗೆ ಇಳಿಯುತ್ತದೆ. ಎರಡನೆಯ ಏಟು ಎಂದದ್ದು ಇದನ್ನೇ.

ಇದು ಯುದ್ಧ ಮತ್ತು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ ಸೇರಿದ್ದೆಂದು ಭಾವಿಸಬೇಡಿ. ಭೀಮಾ ನದಿಯ ಈ ಕಡೆಯ ಸೀಮೆಯನ್ನೇ ನೋಡಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇವೆ. ಈ ಭಾಗಕ್ಕೆಂದೇ ಸಂವಿಧಾನಕ್ಕೆ 371(ಜೆ) ಸೇರಿತು. ಅಂದರೆ ಇಲ್ಲಿನ ಕೊರತೆ ದೈವದ ಮುನಿಸಲ್ಲ. ಸರ್ಕಾರವೇ ಅಳೆದು, ಬರೆದು, ಒಪ್ಪಿಕೊಂಡದ್ದು. ಹವಳಗಾದಂಥ ಊರಿನಲ್ಲಿ ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳಿಂದ ರಸ್ತೆ ತುಂಬುತ್ತದೆ. ರಾತ್ರಿ ಅಪಘಾತವಾದರೆ, ಬಾಣಂತಿಗೆ ರಕ್ತ ನಿಲ್ಲದಿದ್ದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರ ಎದುರಿಗಿರುವುದು ಒಂದೇ ದಾರಿ: ಮುಂದಕ್ಕೆ ಕಳುಹಿಸುವುದು. ‘ರೆಫರ್ ಮಾಡ್ಯಾರ’ ಎಂಬ ಮಾತು ಈ ಕಡೆ ಎಷ್ಟು ಬಳಕೆಯಾಗಿದೆಯೆಂದರೆ ಅದರೊಳಗಿನ ಭಯಕ್ಕೆ ಬೇರೆ ಪದವೇ ಬೇಕಿಲ್ಲ. ಕಲಬುರಗಿಗೆ ಹೋಗುವ ದಾರಿಯಲ್ಲಿ ರೋಗಿ ಉಳಿಯುವುದು ಅನುಮಾನ ಎಂದು ಗೊತ್ತಿದ್ದೂ ಚೀಟಿ ಬರೆಯುವ ವೈದ್ಯ, ಆ ದಾರಿಯಲ್ಲಿ 108 ಆಂಬುಲೆನ್ಸಿನ ಹಿಂಬದಿಯಲ್ಲಿ ಕುಳಿತು ನಾಡಿ ಹಿಡಿದುಕೊಂಡಿರುವ ಸಿಬ್ಬಂದಿ, ಇವರೂ ಒಂದು ಮುಂಚೂಣಿಯಲ್ಲೇ ಇದ್ದಾರೆ. ಎದೆಯ ಮೇಲೆ ಕಲ್ಲು ಇಟ್ಟಂತಾಗಿದೆ ಎಂಬುದು ನಮ್ಮ ಜನ ಇಂಥ ಸಂಕಟಕ್ಕೆ ಹೇಳುವ ಮಾತು. ಕಲ್ಲನ್ನು ಅಲ್ಲಿಟ್ಟವರು ಯಾರು ಎಂದು ಕೇಳುವುದನ್ನು ಮಾತ್ರ ನಾವು ಬಿಟ್ಟಿದ್ದೇವೆ.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇದೆಲ್ಲ ಪಶ್ಚಿಮದವರು ಹುಟ್ಟಿಸಿದ ಹೊಸ ಪದ, ನಮ್ಮಲ್ಲಿ ಕರ್ಮ, ಕರ್ತವ್ಯ ಎಂದು ಸಮಾಧಾನ ಮಾಡಿಕೊಳ್ಳುವ ದಾರಿ ಇದೆ ಎನ್ನುವವರಿದ್ದಾರೆ. ಪದ ಹೊಸದಿರಬಹುದು, ಅನುಭವ ಹೊಸದಲ್ಲ. ಅಶ್ವತ್ಥಾಮ ಸತ್ತನೆಂಬ ಅರ್ಧ ಸುಳ್ಳನ್ನು ಹೇಳಿದ ಗಳಿಗೆಯಲ್ಲಿ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು ಎಂದು ಭಾರತದ ಕಥೆ ಕೇಳಿದವರಿಗೆಲ್ಲ ಗೊತ್ತು. ಮೈಮೇಲೆ ಒಂದು ಗೀರೂ ಇಲ್ಲದ ಗಾಯ ಅದು. ಹೇಳು ಎಂದು ಒತ್ತಾಯಿಸಿದವನು ಅವನು ದೇವರೆಂದು ನಂಬಿದ ಕೃಷ್ಣ. ಯುದ್ಧ ಗೆದ್ದ ಮೇಲೆ ಧರ್ಮರಾಯ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎಂದು ಕೂತಾಗ ಯಾರೂ ಅವನನ್ನು ಮರೆತುಬಿಡು ಎಂದು ಬೆನ್ನು ತಟ್ಟಿ ಕಳುಹಿಸಲಿಲ್ಲ. ತಮ್ಮಂದಿರು, ದ್ರೌಪದಿ, ವ್ಯಾಸ, ಶರಶಯ್ಯೆಯ ಮೇಲಿನ ಭೀಷ್ಮ, ಎಲ್ಲರೂ ಅವನ ಪ್ರಶ್ನೆಗೆ ಉತ್ತರ ಹುಡುಕಲು ಕೂತರು. ಒಂದಿಡೀ ಶಾಂತಿಪರ್ವ ಅದಕ್ಕೇ ಮೀಸಲಾಯಿತು. ಕರ್ತವ್ಯದ ಮಾತು ನಮ್ಮ ಪರಂಪರೆಯಲ್ಲಿ ಇದೆ ನಿಜ, ಆದರೆ ಕರ್ತವ್ಯ ಮಾಡಿದವನ ಸಂಕಟವನ್ನು ಸಭೆಯಲ್ಲಿ ಕೇಳಿಸಿಕೊಳ್ಳುವ ಮಾತೂ ಅಷ್ಟೇ ಹಳೆಯದು.

ಇನ್ನೊಂದು ಆಕ್ಷೇಪ ಒಳ್ಳೆಯ ಮನಸ್ಸಿನಿಂದ ಬರುವುದು: ಆಪ್ತಸಮಾಲೋಚನೆ ಇದೆಯಲ್ಲ, ಅದು ಸಾಲದೇ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ ಕರೆ ಮಾಡಬಹುದು. ಸಶಸ್ತ್ರ ಪಡೆಗಳಿಗಾಗಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕವೂ ಇದೆ. ಇವು ಬೇಕು, ಇನ್ನೂ ಹೆಚ್ಚು ಬೇಕು. ನಿದ್ದೆ ಬಾರದವನಿಗೆ, ಸಾಯಬೇಕೆನಿಸುವವನಿಗೆ ಆ ರಾತ್ರಿಯೇ ಒಂದು ದನಿ ಸಿಗಬೇಕು. ಆದರೆ ಸಮಾಲೋಚಕರು ಎಷ್ಟೇ ಒಳ್ಳೆಯವರಾದರೂ ‘ನಿನ್ನ ತಪ್ಪಲ್ಲ’ ಎಂದು ಹೇಳಬಲ್ಲರೇ ಹೊರತು, ತಪ್ಪು ಯಾರದೆಂದು ಹೇಳುವ ಅಧಿಕಾರ ಅವರಿಗಿಲ್ಲ. ಕಾರ್ಟರ್‌ಗೆ ಬೇಕಾಗಿದ್ದದ್ದು ಸಾಂತ್ವನವಲ್ಲ, ಆಯೋಗದ ವರದಿ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಮನಸ್ಸು ಕದಡಿದವರನ್ನು ಕರೆತರುವ ರೂಢಿ ಇಂದಿಗೂ ಇದೆ. ಅದು ಚಿಕಿತ್ಸೆಗೆ ಬದಲಿಯಲ್ಲ. ಆದರೂ ಅಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ನೋವು ಅಲ್ಲಿ ಹತ್ತು ಜನರ ನಡುವೆ, ಬಯಲಿನಲ್ಲಿ, ದನಿಯೆತ್ತಿ ಹೊರಬರುತ್ತದೆ. ಆಸ್ಪತ್ರೆಯ ಮತ್ತು ಸೇನೆಯ ಪದ್ಧತಿಯಲ್ಲಿ ಅದು ಮುಚ್ಚಿದ ಕೋಣೆಯೊಳಗೆ, ಒಬ್ಬನ ಕಡತವಾಗಿ ಉಳಿದುಬಿಡುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೋಗಿಗಳ ಕಡೆಯಿಂದ ಬರುತ್ತದೆ. ಎಲ್ಲ ತಪ್ಪೂ ವ್ಯವಸ್ಥೆಯದು ಎಂದುಬಿಟ್ಟರೆ ಅಸಡ್ಡೆ ಮಾಡಿದ ವೈದ್ಯನೂ ಅದರ ಮರೆಯಲ್ಲಿ ಬಚಾವಾಗುವುದಿಲ್ಲವೇ? ತಾಯಿಯನ್ನು ಕಳೆದುಕೊಂಡವನ ಮುಂದೆ ಡಾಕ್ಟರ ಮನಸ್ಸಾಕ್ಷಿಯ ಮಾತಾಡುವುದು ಎಷ್ಟು ಸರಿ? ಈ ಪ್ರಶ್ನೆ ನ್ಯಾಯವಾದುದು. ಆದರೆ ನಾನು ಕೇಳುತ್ತಿರುವುದು ಕ್ಷಮೆಯಲ್ಲ, ತನಿಖೆ. ಬಹಿರಂಗ ತನಿಖೆ ಮಾತ್ರವೇ ಸಿಲಿಂಡರ್ ಇಲ್ಲದೆ ಸತ್ತವರನ್ನೂ, ಸಿಲಿಂಡರ್ ಇದ್ದೂ ಯಾರೋ ನೋಡದೆ ಸತ್ತವರನ್ನೂ ಬೇರೆ ಮಾಡಿ ಹೇಳಬಲ್ಲದು. ತನಿಖೆ ಇಲ್ಲದ ಕಡೆ ಅಸಡ್ಡೆಯವನು ಆರಾಮಾಗಿರುತ್ತಾನೆ, ನಿಷ್ಠೆಯವನು ಕೊರಗುತ್ತಾನೆ. ತಾಯಿಯನ್ನು ಕಳೆದುಕೊಂಡವನಿಗೂ ಆ ರಾತ್ರಿ ದುಡಿದ ನರ್ಸ್‌ಗೂ ಬೇಕಾದದ್ದು ಒಂದೇ ಕಾಗದ: ಏನಾಯಿತು, ಯಾಕಾಯಿತು, ಯಾರು ತಡೆಯಬಹುದಿತ್ತು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಕೈ ಕೈ ಮಿಲಾಯಿಸುವಂತೆ ಮಾಡುವುದು ಆ ಕಾಗದ ಬರೆಯದವರು. ಇನ್ನು ಇಂಥ ಸತ್ಯ ಹೊರಬಂದರೆ ಸೇನೆಯ ಶಿಸ್ತು ಹಾಳಾಗುತ್ತದೆ ಎಂಬ ಭಯಕ್ಕೆ ಇತಿಹಾಸದಲ್ಲಿ ಆಧಾರ ಕಡಿಮೆ. ಮೆಸೊಪೊಟೇಮಿಯಾದ ಹಗರಣ ಬಯಲಾಗತೊಡಗಿದ ಮೇಲೆ ಅಲ್ಲಿನ ನದಿ ಆಸ್ಪತ್ರೆಗಳು, ಸಾಗಣೆ ದೋಣಿಗಳು ಸುಧಾರಿಸಿದವು. ಅದೇ ಸೇನೆ 1917ರ ಮಾರ್ಚ್ 11ರಂದು ಬಾಗ್ದಾದನ್ನು ಹಿಡಿಯಿತು.

ಹಾಗಾದರೆ ಆಗಬೇಕಾದದ್ದು ಏನು? ಕೊರತೆ ಬಂದಾಗ ಯಾರಿಗೆ ಮೊದಲು ಎಂಬ ನಿಯಮವನ್ನು ಜಿಲ್ಲಾ ಮಟ್ಟದಲ್ಲಿ ಮೊದಲೇ ಬರೆದು, ದೊಡ್ಡ ಹುದ್ದೆಯವರು ಸಹಿ ಹಾಕಬೇಕು. ರಾತ್ರಿ ಎರಡು ಗಂಟೆಗೆ ಹೌಸ್ ಸರ್ಜನ್ ಒಬ್ಬಳ ತಲೆಯ ಮೇಲೆ ಅದನ್ನು ಹೊರಿಸಬಾರದು. ತಡೆಯಬಹುದಾಗಿದ್ದ ಸಾವಿನ ಪರಿಶೀಲನೆಯಲ್ಲಿ ಪಕ್ಕದಲ್ಲಿದ್ದ ನರ್ಸ್, ಆಂಬುಲೆನ್ಸ್ ಸಿಬ್ಬಂದಿ ಕೂತಿರಬೇಕು, ಅವರ ಮಾತು ದಾಖಲಾಗಬೇಕು, ಹೇಳಿದ್ದಕ್ಕೆ ವರ್ಗಾವಣೆಯ ಬರೆ ಬೀಳಬಾರದು. ಸಾವಿನ ಕಾರಣದ ನಮೂನೆಯಲ್ಲಿ ಯಾವ ಸಾಧನ ಇರಲಿಲ್ಲ ಎಂದು ಬರೆಯಲು ಒಂದು ಗೆರೆ ಇರಬೇಕು. ದುಡ್ಡಿನ ಲೆಕ್ಕದಲ್ಲಿ ಇವು ಅಗ್ಗದ ಕೆಲಸಗಳು. ದುಬಾರಿಯಾಗಿರುವುದು ಒಪ್ಪಿಕೊಳ್ಳುವ ಮನಸ್ಸು.

ಒಪ್ಪಿಕೊಳ್ಳುವುದರ ಬಗ್ಗೆ ಭೀಮೆಯ ದಂಡೆಯಲ್ಲೇ ಒಂದು ಹಳೆಯ ದಾಖಲೆಯಿದೆ. ಅಫಜಲಪುರ, ಜೇವರ್ಗಿ ದಾಟಿ ನದಿ ಮುಂದೆ ಹರಿದಂತೆ ಸನ್ನತಿ ಸಿಗುತ್ತದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1980ರ ದಶಕದಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು ತಿಳಿಯಿತು. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು, ಅದಕ್ಕಾಗಿ ನನಗೆ ಪಶ್ಚಾತ್ತಾಪವಿದೆ ಎಂದು ರಾಜ ಹೇಳಿಕೊಂಡದ್ದು ಹದಿಮೂರನೆಯ ಶಾಸನದಲ್ಲಿ. ಸನ್ನತಿಯ ಕಲ್ಲಿನ ಮೇಲೆ ಹನ್ನೆರಡನೆಯದರ ಮತ್ತು ಹದಿನಾಲ್ಕನೆಯದರ ಭಾಗಗಳಿವೆ, ನಡುವಿನ ಹದಿಮೂರು ಇಲ್ಲ. ಏಟು ತಿಂದ ಕಳಿಂಗದ ಧೌಲಿಯಲ್ಲೂ ಅದನ್ನು ಕೆತ್ತಿಸಲಿಲ್ಲ. ದೂರದ ಬೇರೆ ಕಡೆಗಳಲ್ಲಿ ಕೆತ್ತಿಸಿದ. ನೊಂದವರ ಎದುರಿಗೆ ತಪ್ಪನ್ನು ಆಡಿ ತೋರಿಸುವುದು ಅಷ್ಟು ದೊಡ್ಡ ರಾಜನಿಗೂ ಕಷ್ಟವಾಗಿದ್ದಿರಬೇಕು. ಆದರೆ ಅದರ ಬದಲಿಗೆ ಧೌಲಿಯಲ್ಲಿ, ಮತ್ತು ಸನ್ನತಿಯಲ್ಲಿ, ಬೇರೆ ಎರಡು ಶಾಸನಗಳನ್ನು ಬರೆಸಿದ. ಅವು ಅಧಿಕಾರಿಗಳಿಗೆ ಕೊಟ್ಟ ಆದೇಶಗಳು. ಜನರೆಲ್ಲ ನನ್ನ ಮಕ್ಕಳು, ಅವರ ವಿಷಯದಲ್ಲಿ ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು ನಿಮ್ಮಲ್ಲಿ ಇರಕೂಡದು ಎಂದು ಹೇಳುವ ಶಾಸನದಲ್ಲೇ ಅದನ್ನು ಓದಿ ಕೇಳಿಸುವ ಕ್ರಮವನ್ನೂ ಗೊತ್ತುಮಾಡಿದ್ದಾನೆ: ತಿಷ್ಯ ನಕ್ಷತ್ರದ ದಿನ ಓದಬೇಕು, ನಡುವೆಯೂ ಓದಬೇಕು, ಕೇಳಲು ಒಬ್ಬನೇ ಇದ್ದರೂ ಓದಬೇಕು.